ಗಂಡನ ಹಾಲಿ ವಿಳಾಸ

ವಾಡಿಯ ಬೀಬೀಜಾನಳ ಗಂಡ ಮನೆ ಬಿಟ್ಟುಹೋಗಿ ಐದು ವರ್ಷವಾಗಿತ್ತು. ಶಹಾಬಾದಿನವನೊಬ್ಬ ನಿಕಾಕ್ಕೆ ಕೇಳಿದ್ದ. ಹಳೆಯ ಮದುವೆಯಿಂದ ಬಿಡುಗಡೆ ಬೇಕೆಂದರೆ ಖಾಜಿ, “ಗಂಡ ಒಪ್ಪಬೇಕು, ಇಲ್ಲಾ ಕೋರ್ಟಿನ ಹುಕುಂ ತರ್ರಿ” ಅಂದರು. ಗಂಡ ನಾಲ್ಕು ವರ್ಷ ಪತ್ತೆಯಿಲ್ಲದಿದ್ದರೆ ಕೋರ್ಟು ಬಿಡುಗಡೆ ಕೊಡಬಹುದೆಂದು ಕಾನೂನಿದೆ. ಪಕ್ಕದ ಮನೆಯ ನಾನೇ ಆಕೆಯನ್ನು ಚಿತ್ತಾಪುರದ ಕೋರ್ಟಿಗೆ ಕರೆದೊಯ್ದೆ.

ಅಲ್ಲಿನ ಗುಮಾಸ್ತ ಅರ್ಜಿಯನ್ನು ಮೇಜಿನ ಮೇಲೆ ಒಗೆದ. “ಗಂಡನ ಹಾಲಿ ವಿಳಾಸ ಎಲ್ಲದ? ನೋಟಿಸ್ ಎಲ್ಲಿ ಕಳಸಬೇಕು?”

ನನಗೆ ಮೈ ಉರಿಯಿತು. “ಅವ ಎಲ್ಲದಾನ ಗೊತ್ತಿಲ್ಲಂತನೇ ಬಿಡುಗಡೆ ಕೇಳಾಕತ್ತಾಳಲ್ರೀ!”

“ಒದರಬ್ಯಾಡ್ರಿ. ವಿಳಾಸ ಇಲ್ಲಂದ್ರ ನೋಟಿಸ್ ನಿಮ್ಮ ತಲೀಗಿ ಅಂಟಸ್ಲೇನು?”

ನಾನು ಮೇಜು ಗುದ್ದುವುದರೊಳಗೆ ಬೀಬೀಜಾನ ಹೇಳಿದಳು: “ನನ್ನ ಮನೀದೇ ಬರ್ಕೋರಿ ಸಾಹೇಬ್ರ. ಅವ ಕಡೀಕ ಇದ್ದದ್ದು ಅಲ್ಲೇ.”

ಆ ಮಹಾಶಯ ಅದನ್ನೇ ಬರೆದುಕೊಂಡ!

ತಿಂಗಳಾದ ಮೇಲೆ ಕೋರ್ಟಿನ ಜವಾನ ಬಂದು, ಓಡಿಹೋದವನ ಹೆಸರಿನ ನೋಟಿಸನ್ನು ಆಕೆಯ ಬಾಗಿಲಿಗೆ ಒತ್ತಿ ಹಿಡಿದ. ಹಿಡಿದ ಮೇಲೆ ನೆನಪಾಯಿತು, ಅಂಟು ತಂದಿಲ್ಲ.

“ಅಕ್ಕಾ, ಒಂದು ಹಿಡಿ ಹಿಟ್ಟು ಕುದಿಸಿ ಕೊಡ್ರಿ.”

ಆಕೆ ಕುದಿಸಿ ಕೊಟ್ಟಳು. ಬಿಡುಗಡೆಯೂ ಮುಂದೆ ಸಿಕ್ಕಿತು, ನಿಜ. ಆದರೆ ಐದು ವರ್ಷ ಆ ಮನೆಗೆ ಹಿಡಿ ಹಿಟ್ಟು ತಂದುಹಾಕದ ಗಂಡಸಿಗೆ ಕಾನೂನು ಗೌರವದಿಂದ ಬರೆದ ಕಾಗದಕ್ಕೂ ಆಕೆಯ ಹಿಟ್ಟೇ ಬೇಕಾಯಿತು.