ಇತ್ತ ನಾವೆಲ್ಲ ಕ್ಷೇಮ

ನಮ್ಮ ಶಾಲೆಯಲ್ಲಿ ಗಂಟೆ ಹೊಡೆಯುತ್ತಿದ್ದವಳಿಗೆ ಗಂಟೆ ಅಕ್ಕ ಅಂತಲೇ ಹೆಸರು. ಸಂಬಳದ ಪಟ್ಟಿಯಲ್ಲಿ ಬೇರೆ ಹೆಸರಿತ್ತು. ಅದನ್ನು ತಿಂಗಳಿಗೊಮ್ಮೆ ಬರೆಯುತ್ತಿದ್ದವನು ನಾನೊಬ್ಬನೇ. ನಾನು ಆ ಶಾಲೆಯ ಗುಮಾಸ್ತ. ಮಕ್ಕಳು ನನಗಿಟ್ಟ ಹೆಸರು ಸೀಲು. ಯಾರು ಯಾವ ಕಾಗದ ತಂದರೂ 'ಸೀಲೆಲ್ಲಿ?' ಅಂತ ಕೇಳುತ್ತಿದ್ದೆನಲ್ಲ, ಅದಕ್ಕೆ. ಬೆನ್ನ ಹಿಂದೆ ಕರೀತಾರೆ, ಕರೀಲಿ ಬಿಡಿ.

ಗಂಟೆ ಅಂದರೆ ಅದು ಗಂಟೆಯೂ ಅಲ್ಲ, ಒಂದು ಮೊಳ ರೈಲು ಕಂಬಿ. ಆಫೀಸಿನ ಮುಂದಿನ ತೊಲೆಗೆ ತಂತಿಯಲ್ಲಿ ತೂಗುಹಾಕಿದ್ದರು. ಅವಳ ಗಂಡ ಅಲ್ಲೇ ಜವಾನನಾಗಿದ್ದ. ಅವನು ತೀರಿಕೊಂಡ ಮೇಲೆ ಕೆಲಸ ಇವಳಿಗೆ ಬಂತು, ಆಗ ಇವಳಿಗೆ ಇಪ್ಪತ್ತಮೂರು ವಯಸ್ಸು. ಮೊದಲ ದಿನ ಯಾರ ಮೇಲಿನ ಸಿಟ್ಟೋ ಏನೋ, ಹೊಡೆದ ಹೊಡೆತಕ್ಕೆ ಸುತ್ತಿಗೆಯ ಹಿಡಿಯೇ ಮುರಿಯಿತು. ಹೊಸ ಹಿಡಿಗೆ ಅರ್ಜಿ ಬರೆದುಕೊಟ್ಟವನು ನಾನು. ಆಮೇಲೆ ಇಪ್ಪತ್ತಾರು ವರ್ಷ ಅದೇ ಹಿಡಿ, ಅದೇ ಕಂಬಿ. ಮೈದಾನದ ಮೂಲೆಯ ಉಗ್ರಾಣದ ಹಿಂದೆ ಒಂದು ಕೋಣೆ, ಅದೇ ಅವಳ ಮನೆ.

ಬೆಳಗಿನ ಎರಡನೇ ಗಂಟೆಯನ್ನು ಅವಳು ಒಂದು ದಿನವೂ ಸರಿಯಾದ ಹೊತ್ತಿಗೆ ಹೊಡೆಯಲಿಲ್ಲ. ಗೇಟಿನ ಕಡೆ ನೋಡುತ್ತ ನಿಲ್ಲುವಳು. ದೂರದಿಂದ ನಡೆದು ಬರುವ ಮಕ್ಕಳು ತಿರುವಿನಲ್ಲಿ ಕಂಡರೆ ಸಾಕು, ಸುತ್ತಿಗೆ ಕೆಳಗಿಟ್ಟು ಕಂಬಿ ಒರೆಸುವ ನಾಟಕ ಶುರು. 'ಏನಮ್ಮಾ, ಗಡಿಯಾರ ನಿಮ್ಮಪ್ಪನ ಮನೇದಾ?' ಅಂತ ನಾನು ರೇಗಿದರೆ, 'ಗಡಿಯಾರ ನಿಮ್ದೇ ಸಾರ್, ಕಾಲು ಮಾತ್ರ ಮಕ್ಕಳದು' ಅನ್ನುತ್ತಿದ್ದಳು. ಮಾತಿಗೆ ಮಾತು ಕೊಡುವುದರಲ್ಲಿ ಅವಳನ್ನು ಮೀರಿಸೋಕೆ ನನ್ನಿಂದ ಆಗಲಿಲ್ಲ.

ಹಾಗೆ ತಿರುವಿನಲ್ಲಿ ಓಡಿ ಬರುತ್ತಿದ್ದವರಲ್ಲಿ ಒಬ್ಬಳು ಹುಡುಗಿ. ಮೇಷ್ಟ್ರುಗಳು ಅವಳನ್ನು ಪ್ರಶ್ನೆಪತ್ರಿಕೆ ಅಂತ ಕರೆಯುತ್ತಿದ್ದರು. ಬಾಯಿ ತೆರೆದರೆ ಪ್ರಶ್ನೆ. ಕಂಬಿ ಹೊಡೆದ ಮೇಲೂ ಯಾಕೆ ನಡುಗುತ್ತೆ? ಸೀಲು ಉಲ್ಟಾ ಬಿದ್ರೆ ಕಾಗದ ನಡೆಯಲ್ವಾ ಸಾರ್? ನನ್ನ ತಲೆ ಕೆಟ್ಟು ಕೆರ ಹಿಡಿಯುತ್ತಿತ್ತು. ಅವಳಪ್ಪ ಆಸ್ಪತ್ರೆಯ ಹಾಸಿಗೆ ಬಟ್ಟೆ ಒಗೆಯುವವನು, ಅಮ್ಮ ಮನೆಯಲ್ಲಿ ಹೊಲಿಗೆ ಹಾಕುವವಳು, ಚಿಕ್ಕ ತಮ್ಮಂದಿರಿಬ್ಬರು, ಐದು ಜನಕ್ಕೆ ಒಂದು ಕೋಣೆ. ಹತ್ತನೇ ತರಗತಿ ಪಾಸಾದರೆ ಆ ಮನೆಯಲ್ಲಿ ಅಷ್ಟು ಓದಿದ ಮೊದಲಿಗಳು ಅವಳೇ. 'ಇದೊಂದು ಪಾಸಾಗೋದನ್ನ ನಾನು ಕಣ್ಣಾರೆ ನೋಡಬೇಕು' ಅಂತ ಅಕ್ಕ ನನ್ನ ಹತ್ತಿರ ಎಷ್ಟು ಸಲ ಹೇಳಿದ್ದಾಳೋ.

ಆ ಹುಡುಗಿ ಹತ್ತನೇ ತರಗತಿಗೆ ಕಾಲಿಟ್ಟ ವರ್ಷವೇ ಆ ಹಾಳು ರೋಗ ಬಂತು. ಶಾಲೆ ಮುಚ್ಚಿತು. ಅಕ್ಕ ಖಾಲಿ ಶಾಲೆಯಲ್ಲಿ ನಾಲ್ಕು ದಿನ ಹೊತ್ತಿಗೆ ಸರಿಯಾಗಿ ಗಂಟೆ ಹೊಡೆದಳು. ಸುಮ್ಮನೆ ಕೂತು ಸಂಬಳ ತಗೊಂಡರೆ ಮೈಗೆ ಹತ್ತಲ್ಲ ಅಂತ ಅವಳ ವಾದ. ಪಕ್ಕದ ಮನೆಯವರು ತಕರಾರು ಮಾಡಿ, ಹೆಡ್ ಮೇಡಂ ನಿಲ್ಲಿಸಿದರು. ಪಾಠವೆಲ್ಲ ಫೋನಿನೊಳಗೆ ಹೋಯಿತು. ಫೋನಿದ್ದವರು ಪಾಠ ಕೇಳಿದರು. ಇಲ್ಲದವರ ವಿಷಯ ಯಾರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಮೂರು ತಿಂಗಳಾದ ಮೇಲೆ ಮೇಲಿನ ಕಚೇರಿಯಿಂದ ಆದೇಶ ಬಂತು. ವಿದ್ಯಾರ್ಥಿಗಳ ಮಾನಸಿಕ ಕ್ಷೇಮದ ಸಮೀಕ್ಷೆ ಮಾಡಬೇಕು. ಯಾರು ಕ್ಷೇಮವಾಗಿಲ್ಲವೋ ಅವರಿಗೆ ಒಬ್ಬ ಆಪ್ತಸಮಾಲೋಚಕಿಯ ಮಾತು, ಜೊತೆಗೆ ಪಾಠ ಕೇಳಲು ಒಂದು ಟ್ಯಾಬು. ಒಳ್ಳೆಯ ಯೋಚನೆಯೇ. ಆದರೆ ಸಮೀಕ್ಷೆ ಹೋಗಿದ್ದು ಎಲ್ಲಿಗೆ? ಫೋನಿಗೆ. ಅದರ ಮೊದಲ ಪ್ರಶ್ನೆ: 'ನಿಮ್ಮ ಕೋಣೆಯಲ್ಲಿ ಒಬ್ಬರೇ ಇದ್ದಾಗ ನಿಮಗೆ ಏನನ್ನಿಸುತ್ತದೆ?' ಅದನ್ನು ಓದಿ ಅಕ್ಕ ನಕ್ಕಿದ್ದು ಇನ್ನೂ ನೆನಪಿದೆ. 'ಇದನ್ನ ಬರೆದೋರ ಮನೇಲಿ ಎಷ್ಟು ಕೋಣೆ ಇದ್ದಾವು ಸಾರ್?'

ಫೋನಿದ್ದ ಮಕ್ಕಳು ಉತ್ತರ ಕಳಿಸಿದರು. ಹತ್ತೊಂಬತ್ತು ಜನ ಕ್ಷೇಮವಿಲ್ಲ ಅಂತ ಬರೆದಿದ್ದರು. ಬಾಯಿದ್ದೋನು ಬರಗಾಲದಲ್ಲೂ ಬದುಕಿದ ಅನ್ನೋ ಹಾಗೆ, ಒಬ್ಬನಂತೂ ಈಜುಕೊಳ ಮುಚ್ಚಿದ್ದರಿಂದ ಮನಸ್ಸು ಕುಗ್ಗಿದೆ ಅಂತ ಅರ್ಧ ಪುಟ ಬರೆದಿದ್ದ. ಅವರದ್ದೆಲ್ಲ ಸುಳ್ಳು ಅಂತ ನಾನು ಹೇಳಲ್ಲ. ಇವರಲ್ಲೇ ಒಬ್ಬಳು ಹುಡುಗಿ ತಿಂಗಳಿನಿಂದ ನಿದ್ದೆಯಿಲ್ಲದೆ ಒದ್ದಾಡುತ್ತಿದ್ದದ್ದು ನನಗೇ ಗೊತ್ತು. ಆದರೆ ಉತ್ತರವೇ ಕಳಿಸದವರು ನೂರ ಇಪ್ಪತ್ತೆರಡು ಮಕ್ಕಳು. ದಾಖಲೆಯಲ್ಲಿದ್ದ ಅಪ್ಪ ಅಮ್ಮಂದಿರ ನಂಬರಿಗೆ ಫೋನ್ ಮಾಡಿ ಕೇಳಿ ಬರೆಯುವ ಕೆಲಸವನ್ನು ಹೆಡ್ ಮೇಡಂ ಅಕ್ಕನಿಗೆ ಕೊಟ್ಟರು. ಗಂಟೆಯಿಲ್ಲದೆ ಖಾಲಿ ಕೂತಿದ್ದಳಲ್ಲ.

ಪಟ್ಟಿಗೆ ಗೀಟು ಹಾಕಿಕೊಟ್ಟವನು ನಾನು. ಎರಡೇ ಖಾನೆ: ಕ್ಷೇಮ, ಕ್ಷೇಮವಿಲ್ಲ. 'ಏನಂತ ಕೇಳ್ಲಿ ಸಾರ್?' ಅಂದಳು. 'ಏನಂತ ಕೇಳ್ತಾರೆ? ಚೆನ್ನಾಗಿದ್ದೀರಾ ಅಂತ ಕೇಳು, ಹೇಳಿದ್ದನ್ನ ಬರಿ' ಅಂದೆ. ಇದೇ ನೋಡಿ ನಾವು ಮಾಡಿದ ತಪ್ಪು. ಚೆನ್ನಾಗಿದ್ದೀರಾ ಅಂದರೆ ನಮ್ಮ ಜನ ಏನು ಹೇಳುತ್ತಾರೆ? ಮನೆ ಹತ್ತಿ ಉರಿಯುತ್ತಿದ್ದರೂ ಚೆನ್ನಾಗಿದ್ದೀವಿ ಅನ್ನುತ್ತಾರೆ. ಹಿಂದೆ ಕಾಗದ ಬರೆಯುವಾಗಲೂ ಅಷ್ಟೇ, ಸಾವಿನ ಸುದ್ದಿ ಬರೆಯುವವನೂ ಮೇಲೆ 'ಇತ್ತ ನಾವೆಲ್ಲ ಕ್ಷೇಮ' ಅಂತ ಬರೆದೇ ಶುರುಮಾಡುತ್ತಿದ್ದ. ಅದು ಉತ್ತರವಲ್ಲ, ಮರ್ಯಾದೆ. ಐವತ್ತೊಂಬತ್ತು ವರ್ಷ ಈ ಭಾಷೆ ಆಡಿದ ನನಗೆ ಅದು ಹೊಳೆಯಲಿಲ್ಲ.

ಅಕ್ಕ ಎರಡು ದಿನ ಕೂತು ಫೋನ್ ಮಾಡಿದಳು. ನೂರ ಇಪ್ಪತ್ತೆರಡು ಜನವೂ ಕ್ಷೇಮ. ನಾನು ಸೀಲು ಒತ್ತಿ ಕಳಿಸಿದೆ. 'ನಮ್ಮ ಮಕ್ಕಳು ಗಟ್ಟಿಗರು' ಅಂತ ಮೇಡಂ ಖುಷಿಪಟ್ಟರು.

ಮೂರನೇ ದಿನ ಅಕ್ಕ ನನ್ನ ಮೇಜಿನ ಮುಂದೆ ಬಂದು ನಿಂತಳು.

'ಸಾರ್, ಪ್ರಶ್ನೆಪತ್ರಿಕೆ ಏನೂ ಕೇಳ್ಲಿಲ್ಲ.'

'ಏನಂದೆ?'

'ಚೆನ್ನಾಗಿದ್ದೀಯಾ ಅಂದೆ. ಚೆನ್ನಾಗಿದ್ದೀನಿ ಅಕ್ಕ ಅಂದ್ಳು. ಅಷ್ಟೇ. ಶಾಲೆ ಯಾವಾಗ ತೆಗೀತಾರೆ ಅಂತ ಕೇಳ್ಲಿಲ್ಲ. ಯಾಕೆ ಫೋನ್ ಮಾಡಿದ್ರಿ ಅಂತಾನೂ ಕೇಳ್ಲಿಲ್ಲ. ಆ ಹುಡುಗಿ ಸಾರ್. ಏನೂ ಕೇಳ್ಲಿಲ್ಲ.'

'ಬೆಳೆದಿದ್ದಾಳೆ, ಬುದ್ಧಿ ಬಂದಿರುತ್ತೆ ಬಿಡು' ಅಂದೆ. ಅವಳು ನನ್ನನ್ನು ಒಂದು ಥರ ನೋಡಿ ಹೊರಟುಹೋದಳು. ಮಾಸ್ಕು ಕಟ್ಟಿಕೊಂಡು, ಪೊಲೀಸರು ನಿಲ್ಲಿಸಿದ ಕಡೆಯಲ್ಲೆಲ್ಲ ಶಾಲೆಯ ಗುರುತಿನ ಚೀಟಿ ತೋರಿಸುತ್ತ, ಹುಡುಗಿಯ ಮನೆಯವರೆಗೆ, ಅಷ್ಟು ದೂರ ನಡೆದೇ ಹೋಗಿದ್ದಾಳೆ. ಆ ಗಲ್ಲಿಯ ಬಾಯಿಗೆ ತಗಡು ಬಡಿದಿದ್ದರು. ತಗಡಿನ ಸಂದಿಯಲ್ಲಿ ಪಕ್ಕದ ಮನೆಯ ಮುದುಕಿಯೊಬ್ಬಳು ವಿಷಯ ಹೇಳಿದಳಂತೆ.

ಅಪ್ಪ ಹೋಗಿಬಿಟ್ಟಿದ್ದ. ಆಸ್ಪತ್ರೆಯ ಬಟ್ಟೆ ಒಗೆಯುತ್ತಲೇ ರೋಗ ಹತ್ತಿ, ಅದೇ ಆಸ್ಪತ್ರೆಯಲ್ಲಿ ಮಲಗಿ ಸತ್ತಿದ್ದ. ಮನೆಯವರಿಗೆ ಮುಖ ನೋಡಲೂ ಬಿಡದೆ ಸುಟ್ಟಿದ್ದರು. ಮನೆಗೆ ಬಂದದ್ದು ಒಂದು ಪ್ಲಾಸ್ಟಿಕ್ ಕವರು, ಅದರೊಳಗೆ ಅವನ ಅಂಗಿ ಮತ್ತು ಫೋನು. ಅಮ್ಮನನ್ನೂ ಕರೆದುಕೊಂಡು ಹೋಗಿ ಬೇರೆ ಕಡೆ ಇಟ್ಟಿದ್ದರು. ಕೋಣೆಯಲ್ಲಿ ಉಳಿದದ್ದು ಹುಡುಗಿ ಮತ್ತು ಇಬ್ಬರು ತಮ್ಮಂದಿರು. ನಮ್ಮ ದಾಖಲೆಯಲ್ಲಿ ಇದ್ದದ್ದು ಅಪ್ಪನ ನಂಬರು. ಅಕ್ಕ ಫೋನ್ ಮಾಡಿದ್ದು ಅವನು ಸತ್ತ ಐದನೇ ದಿನ, ಆ ಫೋನಿಗೇ. ಕವರಿನಿಂದ ತೆಗೆದು 'ಚೆನ್ನಾಗಿದ್ದೀನಿ ಅಕ್ಕ' ಅಂದಿದ್ದಾಳೆ. ಮಾರನೇ ದಿನ ಅದನ್ನೂ ಮಾರಿ ತಮ್ಮಂದಿರಿಗೆ ಬ್ರೆಡ್ಡು, ಅಕ್ಕಿ ತಂದಿದ್ದಾಳೆ.

ಇದನ್ನೆಲ್ಲ ಹೇಳುವಾಗ ಅಕ್ಕ ಅಳಲಿಲ್ಲ. 'ಆ ಖಾನೆ ತಿದ್ದಿ ಸಾರ್' ಅಂದಳು.

'ಪಟ್ಟಿ ಹೋಗಿಯಾಯ್ತು ಕಣಮ್ಮ. ಹೋದ ಪಟ್ಟಿ ತಿದ್ದೋಕೆ ನಾನ್ಯಾರು?'

'ಹಾಗಾದ್ರೆ ನಾನು ಸುಳ್ಳು ಬರೆದ ಹಾಗಾಯ್ತು.'

ಅವಳು ಮತ್ತೆ ಫೋನು ಹಿಡಿದು ಕೂತಳು. ಈ ಸಲ ಚೆನ್ನಾಗಿದ್ದೀರಾ ಅನ್ನಲಿಲ್ಲ. 'ಇವತ್ತು ಒಲೆ ಹಚ್ಚಿದ್ರಾ?' ಅಂದಳು. 'ಪುಸ್ತಕ ಎಲ್ಲಿಟ್ಟಿದ್ದೀಯ, ತಗೊಂಡು ಬಾ, ನಾನು ಕಾಯ್ತೀನಿ' ಅಂದಳು. 'ನಿನ್ನ ಪಕ್ಕ ಯಾರು ಮಲಗ್ತಾರೆ?' ಅಂದಳು. ಮೊದಲು ಎರಡು ದಿನದಲ್ಲಿ ಮುಗಿದ ಕೆಲಸಕ್ಕೆ ಈಗ ಹನ್ನೊಂದು ದಿನ ಹಿಡಿಯಿತು. ಮಕ್ಕಳು ಫೋನಿನಲ್ಲಿ ಅಳುವುದು ನನ್ನ ಮೇಜಿನವರೆಗೂ ಕೇಳಿಸುತ್ತಿತ್ತು, ನಾನು ಎದ್ದು ಟೀ ಕುಡಿಯುವ ನೆಪದಲ್ಲಿ ಹೊರಗೆ ಹೋಗುತ್ತಿದ್ದೆ. ಕೊನೆಗೆ ಅವಳ ಎರಡನೇ ಪಟ್ಟಿಯಲ್ಲಿ ಎಪ್ಪತ್ತೊಂದು ಮಕ್ಕಳು ಕ್ಷೇಮವಿಲ್ಲ. ಮೊದಲ ಸಾಲಿನಲ್ಲಿ ಪ್ರಶ್ನೆಪತ್ರಿಕೆ. ನಾನೂ ಮನುಷ್ಯನೇ ತಾನೇ, ಒಂದು ಪತ್ರ ಟೈಪು ಮಾಡಿ, ಮೇಡಂ ಸಹಿ ಹಾಕಿಸಿ ಮೇಲಕ್ಕೆ ಕಳಿಸಿದೆ.

ಉತ್ತರಕ್ಕಿಂತ ಮೊದಲು ಟ್ಯಾಬುಗಳು ಬಂದವು. ಇಪ್ಪತ್ತೈದು. ಮೊದಲ ಪಟ್ಟಿಯ ಹತ್ತೊಂಬತ್ತು ಜನಕ್ಕೆ ಕೊಟ್ಟೆವು, ಈಜುಕೊಳದವನೂ ಬಂದು ಕಾರಿನಲ್ಲೇ ಕೂತು ಸಹಿ ಮಾಡಿ ತಗೊಂಡು ಹೋದ. ಮಿಕ್ಕ ಆರು ನನ್ನ ಕಪಾಟಿನಲ್ಲಿ. ಅಕ್ಕ ದಿನಾ ಕಪಾಟು ಒರೆಸುವಾಗ ಕೇಳುವಳು. 'ಒಂದು ಕೊಡಿ ಸಾರ್, ನಾನೇ ನಡ್ಕೊಂಡು ಹೋಗಿ ಕೊಟ್ಟು ಬರ್ತೀನಿ.' ನಾನು, 'ಉತ್ತರ ಬರಲಿ' ಅನ್ನುವೆ. ಪಟ್ಟಿಯಲ್ಲಿ ಇಲ್ಲದವರಿಗೆ ಕೊಟ್ಟರೆ ನಾಳೆ ತನಿಖೆ, ನಿವೃತ್ತಿಗೆ ಇನ್ನೊಂದೇ ವರ್ಷ, ಪಿಂಚಣಿಗೆ ಕಲ್ಲು ಬಿದ್ದರೆ ಯಾರು ಗತಿ? ದೇವರು ವರ ಕೊಟ್ಟರೂ ಪೂಜಾರಿ ಕೊಡಲ್ಲ ಅಂತಾರಲ್ಲ, ಆ ಪೂಜಾರಿ ನಾನೇ. ನಾಲ್ಕು ತಿಂಗಳ ಮೇಲೆ ಉತ್ತರ ಬಂತು: ಉಳಿದ ಟ್ಯಾಬುಗಳನ್ನು ಮುಂದಿನ ಆದೇಶದವರೆಗೆ ಭದ್ರವಾಗಿ ಇಡತಕ್ಕದ್ದು. ಭದ್ರವಾಗಿ ಇಟ್ಟೆ.

ಶಾಲೆ ತೆರೆದ ದಿನ ಅಕ್ಕ ಮೊದಲ ಗಂಟೆ ಹೊಡೆದಳು. ಎರಡನೆಯದಕ್ಕೆ ಸುತ್ತಿಗೆ ಹಿಡಿದುಕೊಂಡು ತಿರುವು ನೋಡುತ್ತ ನಿಂತವಳು ಕಾಲು ಗಂಟೆಯಾದರೂ ಹೊಡೆಯಲೇ ಇಲ್ಲ. ನಾನು ರೇಗಲಿಲ್ಲ. ಮೇಡಂ ಬಂದು ಹೇಳಿದ ಮೇಲೆ ಹೊಡೆದಳು, ಮೆತ್ತಗೆ.

ಹುಡುಗಿ ಆ ವಾರವೂ ಬರಲಿಲ್ಲ, ಆ ತಿಂಗಳೂ ಬರಲಿಲ್ಲ. ಹತ್ತನೇ ತರಗತಿಯ ಪರೀಕ್ಷೆಯ ಅರ್ಜಿಗೆ ಕೊನೇ ದಿನ ಬಂತು. ವಿದ್ಯಾರ್ಥಿಯ ಸಹಿ ಬೇಕು. ಅಕ್ಕ ಅರ್ಜಿ ತೆಗೆದುಕೊಂಡು, 'ನೀವೂ ಬನ್ನಿ ಸಾರ್, ಸೀಲು ಜೊತೇಲಿದ್ರೆ ಅವಳು ಹೆದರಿಕೊಂಡಾದ್ರೂ ಸಹಿ ಹಾಕ್ತಾಳೆ' ಅಂದಳು. ನನ್ನ ಅಡ್ಡಹೆಸರು ಅವಳಿಗೂ ಗೊತ್ತಿತ್ತು ಅಂತ ತಿಳಿದದ್ದು ಅವತ್ತೇ. ಹೋದೆ.

ಹುಡುಗಿ ಸಾಮಾನು ಪಾರ್ಸೆಲ್ ಮಾಡುವ ಒಂದು ಶೆಡ್ಡಿನಲ್ಲಿದ್ದಳು. ಹದಿನೆಂಟು ಅಂತ ವಯಸ್ಸು ಬರೆಸಿ ಸೇರಿದ್ದಳು. ಮಧ್ಯಾಹ್ನದ ಬಿಡುವಿನಲ್ಲಿ ಗೇಟಿಗೆ ಬಂದಳು, ಕೊರಳಲ್ಲಿ ಕಾರ್ಡು, ಬೆರಳ ತುದಿಗಳಲ್ಲಿ ಅಂಟುಪಟ್ಟಿಯ ಅಂಟು ಕಪ್ಪಾಗಿ ಹತ್ತಿತ್ತು. ಅಮ್ಮ ವಾಪಸು ಬಂದಿದ್ದರೂ ಉಸಿರು ಸಾಲದೆ ಹೊಲಿಗೆ ಯಂತ್ರ ತುಳಿಯೋಕಾಗಲ್ಲವಂತೆ. ತಮ್ಮಂದಿರು ಶಾಲೆಗೆ ಹೋಗುತ್ತಿದ್ದಾರಂತೆ. ಅಕ್ಕ ಅರ್ಜಿ ಮುಂದೆ ಹಿಡಿದಳು.

'ಒಂದು ವರ್ಷದ ಪಾಠ ಒಂದೂ ಕೇಳಿಲ್ಲ ಅಕ್ಕ. ಬರೆಯೋಕೆ ಏನೂ ಗೊತ್ತಿಲ್ಲ.'

'ನಾನು ಹೇಳಿಕೊಡಿಸ್ತೀನಿ ಮಗಾ. ಮೇಷ್ಟ್ರ ಕಾಲು ಹಿಡೀತೀನಿ.'

'ಒಂದು ದಿನ ರಜ ಹಾಕಿದ್ರೆ ಇಲ್ಲಿ ಬೇರೆಯವರನ್ನ ತಗೋತಾರೆ.'

ಅರ್ಜಿಯನ್ನು ಮಡಚಿ ಅಕ್ಕನ ಕೈಗೇ ಕೊಟ್ಟಳು. ಅಕ್ಕ ಆಗ ಅತ್ತಳು. ಇಪ್ಪತ್ತಾರು ವರ್ಷದಲ್ಲಿ ನಾನು ಅವಳು ಅತ್ತದ್ದು ನೋಡಿದ್ದು ಅದೊಂದೇ ಸಲ. 'ನನ್ನದೇ ತಪ್ಪು, ನಾನೇ ಕ್ಷೇಮ ಅಂತ ಬರೆದೆ' ಅಂತ ಎಲ್ಲಾ ಹೇಳಿಬಿಟ್ಟಳು, ಖಾನೆ, ಪಟ್ಟಿ, ಟ್ಯಾಬು, ಎಲ್ಲಾ, ಕಪಾಟಿನಲ್ಲಿ ಆರು ಮಿಕ್ಕಿದ್ದೊಂದನ್ನು ಬಿಟ್ಟು. ಆಮೇಲೆ ಹುಡುಗಿ, ಎಷ್ಟೋ ದಿನದ ಮೇಲೆ, ಒಂದು ಪ್ರಶ್ನೆ ಕೇಳಿದಳು.

'ನಾನು ಚೆನ್ನಾಗಿಲ್ಲ ಅಂದಿದ್ರೆ ನನಗೂ ಬರ್ತಿತ್ತಾ?'

ಅಕ್ಕ ಮತ್ತೆ ಸೆರಗು ಕಣ್ಣಿಗೊತ್ತಿದಳು. ಹುಡುಗಿಯೇ ಅವಳ ಬೆನ್ನು ಸವರಿ, 'ಅಷ್ಟು ಜನ ಇದ್ರಲ್ಲ ಅಕ್ಕ, ನನ್ನವರೆಗೆ ಬರೋ ಹೊತ್ತಿಗೆ ಮುಗಿದೇ ಹೋಗ್ತಿತ್ತೇನೋ. ಅಲ್ವಾ ಸಾರ್?' ಅಂತ ನನ್ನ ಕಡೆ ತಿರುಗಿದಳು.

ಪ್ಯಾಂಟಿನ ಜೇಬಿನಲ್ಲಿ ಕಪಾಟಿನ ಬೀಗದ ಕೈ ಇತ್ತು. ಆರೂ ಟ್ಯಾಬುಗಳ ಮೇಲಿನ ಕವರು ಇನ್ನೂ ಹರಿದಿರಲಿಲ್ಲ. ಅಕ್ಕನೂ ನನ್ನನ್ನೇ ನೋಡುತ್ತಿದ್ದಳು.

'ಹೌದಮ್ಮ,' ಅಂದೆ. 'ಮುಗಿದುಹೋಗಿದ್ವು.'

ಹುಡುಗಿ ತಲೆಯಾಡಿಸಿ ಒಳಗೆ ಹೋದಳು. ದಾರಿಯುದ್ದಕ್ಕೂ ಅಕ್ಕ ನನಗಿಂತ ಹತ್ತು ಹೆಜ್ಜೆ ಮುಂದೆ ನಡೆದಳು. ಶಾಲೆಯ ಗೇಟಿನ ಹತ್ತಿರ ಬಂದಾಗ ನನಗೇ ತಡೆಯಲಾಗದೆ, 'ಏನಮ್ಮ, ಹುಷಾರಾಗಿದ್ದೀಯ ತಾನೇ?' ಅಂದೆ.

'ಚೆನ್ನಾಗಿದ್ದೀನಿ ಸಾರ್' ಅಂದಳು.