ಟಿಟ್ಟಿಭಗಳ ಬಯಲು ಮತ್ತು ಶಿವದೇವಿಯವರು

ಶಿವದೇವಿಯವರು ಛತ್ರಿಯ ಹಿಡಿಯಿಂದ ಲಾರಿಯ ಬಾಗಿಲು ಬಡಿದರು. ಹಿಂದೆ ಹಿಂದೆ ಸರಿಯುತ್ತಿದ್ದ ಲಾರಿ ಗಕ್ಕನೆ ನಿಂತಿತು. ಗಾಲಿಯಿಂದ ಗೇಣು ದೂರದಲ್ಲಿ, ಬರೀ ನೆಲದ ಹರಳುಗಳ ನಡುವೆ, ಹರಳಿನದೇ ಬಣ್ಣದ ಟಿಟ್ಟಿಭ ಹಕ್ಕಿಯ ಮೊಟ್ಟೆಗಳಿದ್ದವು.

“ಗೂಡೇ ಇಲ್ಲಲ್ರಿ ಮೇಡಂ,” ಎಂದ ಕಾವಲುಗಾರ ದ್ಯಾವಪ್ಪ.

“ಈ ನೆಲಾನೇ ಗೂಡು. ಕಾಲು ನೋಡಿ ಇಡು.”

ನಾಚಾರಂ ಕೈಗಾರಿಕಾ ಪ್ರದೇಶದ ಯಂತ್ರಭಾಗಗಳ ಕಾರ್ಖಾನೆಗೆ ಅವರು ಆಡಳಿತಾಧಿಕಾರಿಯಾಗಿ ಬಂದ ಹೊಸತು ಅದು. ಕಾರ್ಖಾನೆಯ ಆಡಳಿತವೆಂದರೆ ಹಾಜರಿ, ಕ್ಯಾಂಟೀನು, ಕಾಂಪೌಂಡು ಎಂದಷ್ಟೇ ಎಲ್ಲರೂ ಬಗೆದಿದ್ದ ಕಾಲದಲ್ಲಿ, ಆ ಕಾಂಪೌಂಡಿನೊಳಗೆ ಕಾರ್ಖಾನೆಗಿಂತ ಮೊದಲೇ ಬದುಕಿದ್ದ ಜೀವಗಳೂ ತಮ್ಮ ಆಡಳಿತಕ್ಕೆ ಸೇರಿದವೆಂದು ನಂಬಿ ನಡೆದವರು ಕಲಬುರಗಿ ಮೂಲದ ಈ ಮಾನ್ಯರು. ಹಿತ್ತಿಲ ಬಯಲಿನಲ್ಲಿ ಗೋದಾಮು ಎಬ್ಬಿಸುವ ಮಾತು ಬಂದಾಗಲೆಲ್ಲ ಮಾಲೀಕರ ಮುಂದೆ ಕೂತು, ಹಳೆಯ ಶೆಡ್ಡುಗಳಲ್ಲೇ ಜಾಗ ತೋರಿಸಿಕೊಟ್ಟು, ಬಂಡೆ, ಒಣಹುಲ್ಲು, ಮಳೆಗಾಲದ ಹೊಂಡಗಳ ಆ ನೆಲವನ್ನು ಇದ್ದ ಹಾಗೆಯೇ ಉಳಿಸಿದರು. ಮನುಷ್ಯರ ವಿಷಯದಲ್ಲೂ ಅಷ್ಟೇ. ದ್ಯಾವಪ್ಪನ ಹೆಂಡತಿ ಪಾರ್ವತೆಮ್ಮ ಬಾಣಂತನ ಮುಗಿಸಿ ಕಾರ್ಖಾನೆಯ ಕೆಲಸಕ್ಕೆ ಮರಳಿದಾಗ ತಮ್ಮ ಕೊಠಡಿಗೆ ಪರದೆ ಕಟ್ಟಿಸಿ, ಆಕೆ ಕೂಸಿಗೆ ಹಾಲೂಡಿಸುವಷ್ಟು ಹೊತ್ತು ತಾವು ಹೊರಗೆ ಸ್ಟೂಲಿನ ಮೇಲೆ ಕೂತು ಫೈಲು ನೋಡುತ್ತಿದ್ದರು.

ನಿವೃತ್ತರಾಗುವವರು ಬಯಲಿನಲ್ಲೊಂದು ಸಸಿ ನೆಡುವುದು ಕಾರ್ಖಾನೆಯ ರೂಢಿ. ಶಿವದೇವಿಯವರು ಆ ಸಸಿಗಳನ್ನೆಲ್ಲ ಗೇಟಿನ ರಸ್ತೆಗೆ ಸಾಗಿಸಿದರು.

“ಗಿಡದ ಮ್ಯಾಲೆ ನಿಮಗೇನು ಸಿಟ್ಟೈತ್ರಿ?” ಎಂದು ಛೇಡಿಸಿದ್ದರು ಬೀದರಿನವರಾದ ಮ್ಯಾನೇಜರ್ ಮಹೇಶಕುಮಾರ.

“ಅಲ್ಲಿ ಮರ ಎದ್ರ ಕಾಗಿ ಕೂಡ್ತಾವ್ರಿ ಸರ್. ಕಾಗಿ ಕೂತಲ್ಲಿ ಮೊಟ್ಟಿ ಉಳಿಯಂಗಿಲ್ಲ.”

ಎಲ್ಲರೂ ನಕ್ಕರು. ಮಾತು ಯಾರ ಕಿವಿಗೂ ಇಳಿಯಲಿಲ್ಲ.

ಈ ವರ್ಷ ಕಣ್ಣಿನ ಶಸ್ತ್ರಚಿಕಿತ್ಸೆಗೆಂದು ರಜೆ ಹಾಕಿ ದಿಲ್‌ಸುಖ್‌ನಗರದ ಮನೆ ಸೇರುವ ಮುನ್ನ ಅವರು ಕೇಳಿಕೊಂಡದ್ದು ಒಂದೇ: “ನಾ ರಿಟೈರ್ ಆದಮ್ಯಾಲೂ ಆ ಬಯಲು ಉಳೀಬೇಕ್ರಿ.”

“ನಿಮ್ಮ ಹೆಸರಿಲೇ ಉಳಸ್ತೀವಿ, ಚಿಂತಿ ಬಿಡ್ರಿ,” ಎಂದು ಮಹೇಶಕುಮಾರ ಮಾತು ಕೊಟ್ಟರು.

ಸೇವೆಯ ಕೊನೆಯ ವಾರ ಮರಳಿದಾಗ ಅವರನ್ನು ಹಿತ್ತಿಲಿಗೆ ಕರೆದೊಯ್ದರು. ಜೆಸಿಬಿ ನೆಲವನ್ನು ಸಪಾಟು ಮಾಡಿತ್ತು. ಹೊಂಡ ಮುಚ್ಚಿತ್ತು, ಬಂಡೆ ಇರಲಿಲ್ಲ. ಚಾಪೆಯಂತೆ ಸುತ್ತಿ ತಂದು ಹಾಸಿದ ಹಸಿರು ಹುಲ್ಲು, ಅದರ ಮೇಲೆ ಸಿಮೆಂಟಿನ ಕೊಕ್ಕರೆಗಳು, ‘ಶಿವದೇವಿ ಉದ್ಯಾನ’ ಎಂಬ ಫಲಕ. ಹೊಸ ಕಣ್ಣಿಗೆ ಎಲ್ಲವೂ ಬಹಳ ಸ್ಪಷ್ಟವಾಗಿ ಕಂಡಿತು. ಮೇಲೆ ಒಂದು ಟಿಟ್ಟಿಭ ಕೂಗುತ್ತ ಸುತ್ತಿತು, ಇಳಿಯಲಿಲ್ಲ.

“ಹಕ್ಕಿ ಸಲುವಾಗಿ ಹಣ್ಣಿನ ಗಿಡಾನೂ ಹಚ್ಚಾಕತ್ತೀವ್ರಿ,” ಎಂದರು ಮಹೇಶಕುಮಾರ. ಆ ಹಿಗ್ಗಿನಲ್ಲಿ ಕಪಟವಿರಲಿಲ್ಲ.

“ಬ್ಯಾಡಂತ ನಾ ಹೇಳಿದ್ನ್ರಿ ಮೇಡಂ,” ಎಂದ ದ್ಯಾವಪ್ಪ, ತಲೆಯೆತ್ತದೆ.

“ಹೇಳಿರ್ತಿ. ಗೊತ್ತೈತಿ.”

ಹುಲ್ಲಿನ ನಡುವೆ ಗುಂಡಿ ತೋಡಿ ಇಟ್ಟಿದ್ದರು. ಮಹೇಶಕುಮಾರ ನೇರಳೆ ಸಸಿಯೊಂದನ್ನು ಎರಡೂ ಕೈಯಲ್ಲಿ ಹಿಡಿದು ಮುಂದೆ ಚಾಚಿದರು.

“ಇದನ್ನ ನೀವ ಹಚ್ಚಬೇಕ್ರಿ ಮೇಡಂ. ನೂರು ವರ್ಷ ಬಾಳ್ರಿ, ನಿಮ್ಮ ಸಲಹಾ ನಮಗ ಸದಾ ಸಿಗ್ಲಿ, ವರ್ಷಾ ವರ್ಷಾ ಬಂದು ಇದರ ನೆರಳಿಗೆ ಕೂಡ್ರಿ.”

ಶಿವದೇವಿಯವರು ಛತ್ರಿಯ ಹಿಡಿಯಿಂದ ಕೈ ತೆಗೆಯಲಿಲ್ಲ.

“ನಾ ಹಚ್ಚಂಗಿಲ್ಲ,” ಎಂದರು.