ಉಮದಿಯಲ್ಲಿ ನಡೆದ ಮೂರನೇ ಮಹಾಯುದ್ಧ

ಬೆಳಿಗ್ಗೆ ಮೊಮ್ಮಗ ಮೊಬೈಲ್ ಹಿಡಿದು ಓಡಿ ಬಂದ. "ಅಜ್ಜಾ, ಮೂರನೇ ಮಹಾಯುದ್ಧ ಆಗತೈತಂತ!"

ವಿನಮ್ರವಾಗಿ ತಿಳಿಸುತ್ತೇನೆ: ಅದು ಮಹಾರಾಷ್ಟ್ರದ ಗಡಿಯಲ್ಲಿರುವ ನಮ್ಮೂರು ಉಮದಿಯಲ್ಲಿ ಯಾವಾಗಲೋ ಆಗಿಹೋಗಿದೆ. ಹೂಡಿದವನು ನಾನೇ.

ನಾನು ಹುಡುಗನಾಗಿದ್ದಾಗ ಸಾಂಗಲಿಯಿಂದ ಬಸ್ಸಿನಲ್ಲಿ ಮರಾಠಿ ಪೇಪರು ಬರುತ್ತಿತ್ತು. ಬೇವಿನ ಕಟ್ಟೆಯ ಮೇಲೆ ನನ್ನ ಅಜ್ಜನಿಗೂ ಅವನ ಗೆಳೆಯ ಸಿದ್ದಪ್ಪಕಾಕಾನಿಗೂ ಅದನ್ನು ಕನ್ನಡ ಮಾಡಿ ಓದುವ ಕೆಲಸ ನನ್ನದು. ಇಬ್ಬರಿಗೂ ಅಕ್ಷರ ಬಾರದು. ಅಜ್ಜ ರಷ್ಯಾದ ಕಡೆ. ಅಜ್ಜ ರಷ್ಯಾದ ಕಡೆ ಎಂಬ ಒಂದೇ ಕಾರಣಕ್ಕೆ ಕಾಕಾ ಅಮೆರಿಕದ ಕಡೆ.

ಒಂದು ದಿನ ಪೇಪರಿನಲ್ಲಿ ಸಕ್ಕರೆ ದರ ಬಿಟ್ಟರೆ ಏನೂ ಇರಲಿಲ್ಲ. ಗಂಟಲು ಸರಿಮಾಡಿಕೊಂಡು ಓದಿದೆ: "ಲಡಾಯಿ ಸುರು ಆತು. ರಷಿಯಾದ ಬಾಂಬಿಗೆ ಅರ್ಧಾ ಅಮೆರಿಕಾ ಖಲಾಸ್!"

ಅಜ್ಜ ಮೀಸೆ ತಿರುವಿದ. ಕಾಕಾ ಎದ್ದುನಿಂತ. "ಹಂಗಾರ ಬಿತ್ತಾಕ ಎತ್ತೂ ರಷಿಯಾದಿಂದನ ತರಿಸ್ಕೋ!"

ಇಬ್ಬರಿಗೂ ಇದ್ದದ್ದು ಒಂದೊಂದೇ ಎತ್ತು. ಜೋಡಿ ಕಟ್ಟಿದರಷ್ಟೇ ಬಿತ್ತುವ ಕೂರಿಗೆ ಹೊಲಕ್ಕಿಳಿಯುವುದು. ಮಳೆ ಬಿದ್ದ ಹೊಲದ ಹಸಿ ಆರತೊಡಗಿದರೂ ಇಬ್ಬರೂ ಜಗ್ಗಲಿಲ್ಲ.

"ರಷಿಯಾ ಬಂದು ಜ್ವಾಳಾ ಬಿತ್ತತೈತೇನ್ರಿ?" ಎಂದು ಅಜ್ಜಿ ತಂಬಿಗೆ ಕುಕ್ಕಿದಳು.

ಮೂರನೆಯ ದಿನ ಇಬ್ಬರೂ ಕಟ್ಟೆಯ ತುದಿಗೊಬ್ಬರಂತೆ, ಬೆನ್ನು ತಿರುಗಿಸಿ ಕುಳಿತಿದ್ದರು. ನಾನು ಓದಿದೆ: "ಎರಡೂ ದೇಶದಾಗ ಬಿತ್ತಗಿ ಹೊತ್ತು ಬಂತು. ಲಡಾಯಿ ಬಂದ್."

ಕಾಕಾ ಈ ಕಡೆ ತಿರುಗಿದ. "ಮತ್ತ! ಬಿತ್ತೂದು ಬಿಟ್ಟು ಯಾರರ ಬಡದಾಡತಾರೇನು?"

"ಲಗೂನ ಎತ್ತು ಹೊಡಕೊಂಡು ಬಾರಪಾ" ಎಂದ ಅಜ್ಜ.

ಮೊಮ್ಮಗ ಮೊಬೈಲ್ ಹಿಡಿದು ಇನ್ನೂ ನಿಂತೇ ಇದ್ದಾನೆ. "ಈಗಿನ ಲಡಾಯಿ ಯಾವಾಗ ನಿಲ್ಲತೈತಿ ಅಜ್ಜಾ?"

"ಅವರ ಕಡೆ ಬಿತ್ತಗಿ ಯಾವಾಗ ಐತಿ, ಆ ಮೊಬೈಲಿನಾಗ ನೋಡು."